ಸೊಲ್ಲು ಕೊಡುವವರಿಲ್ಲದ ತಂಡ

ಆ ತಂಡ ಒಡೆಯುವುದಕ್ಕೆ ಮೊದಲು ನನ್ನ ಹೊಲಿಗೆ ಟೇಪನ್ನು ಎರಡು ಸಲ ತೆಗೆದುಕೊಂಡು ಹೋಗಿತ್ತು. ಮೊದಲ ಸಲ ಪ್ಯಾಂಟಿನ ಅಳತೆಗೆ. ಎರಡನೆಯ ಸಲ ಫ್ಲೆಕ್ಸಿನ ಮೇಲೆ ಯಾರ ತಲೆ ಎಷ್ಟು ದೊಡ್ಡದಾಗಿ ಬಂದಿದೆ ಎಂದು ಅಳೆಯುವುದಕ್ಕೆ.

ನಾವು ಆಗ ನಂಜನಗೂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಯಜಮಾನರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು. ಮಹಡಿಯ ಮೇಲೆ ಒಂದು ಶೀಟಿನ ಕೋಣೆ. ಮನೆಯಲ್ಲಿ ನಮ್ಮ ಮಾವ, ಮತ್ತೆ ಯಜಮಾನರ ತಮ್ಮ, ಅಂದರೆ ನನ್ನ ಮೈದುನ. ಮಾವ ತಂಬೂರಿ ಹಿಡಿದು ದೇವರ ಕತೆ ಹಾಡುವವರು. ನಂಜನಗೂಡು, ನರಸೀಪುರ ಎರಡೂ ಕಡೆಯ ಹಳ್ಳಿಗಳಲ್ಲಿ ಹರಕೆ ಹೊತ್ತವರು ಅವರನ್ನು ಕರೆಸಿ, ಮನೆಯಲ್ಲಿ ಕತೆ ಮಾಡಿಸುತ್ತಿದ್ದರು. ಅವರ ಮೇಳ ದೊಡ್ಡದೇನಲ್ಲ. ತಂಬೂರಿ ಅವರದು. ಡಕ್ಕೆ ಬಾರಿಸುವುದು ಅವರ ಅಣ್ಣ, ನಾವೆಲ್ಲ ದೊಡ್ಡಮಾವ ಎನ್ನುತ್ತಿದ್ದೆವು. ಕಿವಿ ಮಂದ, ಮಾವನ ಭುಜ ನೋಡಿಕೊಂಡೇ ಬಾರಿಸುವವರು. ತಾಳ ಹಾಕಿ ಸೊಲ್ಲು ಕೊಡುವುದು ಮೈದುನ.

ಸೊಲ್ಲು ಕೊಡುವುದೆಂದರೆ ಹೆಚ್ಚಿನದೇನೂ ಅಲ್ಲ ಎಂದು ನಾನೂ ಮದುವೆಯಾಗಿ ಬಂದ ಹೊಸದರಲ್ಲಿ ತಿಳಿದಿದ್ದೆ. ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಂದಿನವನು ಅದರ ಬಾಲವನ್ನು ಹಿಡಿದು ಎಳೆದು ಹೇಳುತ್ತಾನೆ, ನಡುನಡುವೆ ಹೂಂಗುಡುತ್ತಾನೆ. ಅಷ್ಟೆ. ಆದರೆ ಮಾವ ಉಸಿರು ತೆಗೆದುಕೊಳ್ಳುತ್ತಿದ್ದದ್ದೇ ಆ ಬಾಲದೊಳಗೆ. ಮುಂದಿನ ಸಾಲು ನೆನಪಿಗೆ ಬರುತ್ತಿದ್ದದ್ದೂ ಅಲ್ಲೇ. ಮೈದುನ ಲಂಗೋಟಿ ಕಟ್ಟುತ್ತಿದ್ದ ವಯಸ್ಸಿನಿಂದ ಅಪ್ಪನ ಬೆನ್ನ ಹಿಂದೆ ಕೂತು ಸೊಲ್ಲು ಕೊಟ್ಟವನು. ತೊಂಬತ್ತರ ದಶಕವೆಲ್ಲ ಅವನ ಕೆಲಸ ಅದೇ. ಕತೆ ಮುಗಿದ ಮೇಲೆ ಮಾವ ಎಲ್ಲರನ್ನೂ ಹರಸುತ್ತಿದ್ದರು. ಮನೆಯ ಯಜಮಾನನನ್ನು, ಅಡಿಗೆ ಮಾಡಿದವರನ್ನು, ಚಾಪೆ ಹಾಸಿದವರನ್ನು, ದೀಪಕ್ಕೆ ಎಣ್ಣೆ ಕೊಟ್ಟವರನ್ನು. ಸೊಲ್ಲು ಕೊಟ್ಟವನ ಹೆಸರು ಮಾತ್ರ ಒಂದು ದಿನವೂ ಅವರ ಬಾಯಲ್ಲಿ ಬಂದದ್ದು ನಾನು ಕೇಳಲಿಲ್ಲ. ನಮ್ಮ ಮಾವನೂ ದೊಡ್ಡ ಸ್ಟಾರೇ. ತಂಬೂರಿಯ ತಂತಿ ಕಟ್ಟುವಾಗ ಯಾರಾದರೂ ಮಾತಾಡಿದರೆ ಅವರ ಮುಖ ನೋಡಬೇಕಿತ್ತು.

ಇನ್ನು ಆ ತಂಡದ ಮೂವರು. ಒಬ್ಬ ನಂಜನಗೂಡಿನವನು, ಆರ್ಕೆಸ್ಟ್ರಾದ ಹಾಡುಗಾರ. ವೇಗದ ಹಾಡು ಬಂದರೆ ಅವನೇ ಬೇಕು ಎನ್ನುತ್ತಿದ್ದರು. ಒಳಗಡೆ ಕೂತಾಗಲೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಟೀ ಲೋಟ ಎಲ್ಲಿದೆ ಎಂದು ತಡಕಾಡುತ್ತಿದ್ದ. ಇನ್ನೊಬ್ಬ ನರಸೀಪುರದ ಡ್ಯಾನ್ಸ್ ಮಾಸ್ಟರು. ತಲೆಯ ಮೇಲೆ ನಿಂತು ಗಿರಗಿರ ತಿರುಗುವ ವಿದ್ಯೆ ಅವನದು. ಅದರಿಂದ ನೆತ್ತಿಯ ಕೂದಲು ಉದುರಿ, ಯಾವಾಗಲೂ ಟೋಪಿ. ಮೂರನೆಯವನು ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸೀಡಿ ಅಂಗಡಿ ಇಟ್ಟಿದ್ದವನು. ತಾನೇ ಮಾತು ಬರೆದು, ತಾನೇ ರ‍್ಯಾಪ್ ಹೇಳಿ, ತಾನೇ ಸೀಡಿ ಮಾಡಿಸಿ, ತನ್ನ ಅಂಗಡಿಯಲ್ಲೇ ಇಟ್ಟು ಮಾರಿದ್ದ. ಕೊಂಡವರಲ್ಲಿ ಹೆಚ್ಚಿನವರು ಅವನ ಸೋದರತ್ತೆಯ ಕಡೆಯವರು.

ಮೂವರೂ ಅವರವರ ಜಾಗದಲ್ಲಿ ನಂಬರ್ ಒನ್. ಮೂವರೂ ಅವರವರ ಜಾಗ ಬಿಟ್ಟು ಬಂದು ಒಂದೇ ಹಿಪ್ ಹಾಪ್ ತಂಡ ಕಟ್ಟುತ್ತಾರಂತೆ, ಮೈಸೂರು ಜಿಲ್ಲೆಯಲ್ಲೇ ಇಂಥದ್ದು ಇಲ್ಲವಂತೆ, ಸೂಪರ್ ಗ್ರೂಪಂತೆ. ಶೀಟಿನ ಕೋಣೆ ಕೇಳುವುದಕ್ಕೆ ಬಂದ ದಿನ ಡ್ಯಾನ್ಸ್ ಮಾಸ್ಟರು ನನ್ನ ಮಿಷನ್ನಿನ ಪಕ್ಕ ನಿಂತು ಎದೆ ತಟ್ಟಿಕೊಂಡ.

"ಅಕ್ಕಾ, ಕಪಿಲೆ ಕಾವೇರಿ ಕೂಡ್ದಂಗೆ ಕೂಡಿದ್ದೀವಿ ಕಣಕ್ಕಾ. ಇನ್ನು ತಡ್ಯೋರು ಯಾರು?"

"ಕೂಡಿದ ಮೇಲೆ ಕಪಿಲೆ ಅನ್ನೋ ಹೆಸರು ಇರಲ್ಲ, ಮುಂದಕ್ಕೆ ಬರೀ ಕಾವೇರಿ," ಎಂದೆ ನಾನು, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು. "ನಿಮ್ಮಲ್ಲಿ ಕಪಿಲೆ ಯಾರಪ್ಪ?"

ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಜೋರಾಗಿ ನಕ್ಕರು.

ಕೋಣೆ ಕೊಟ್ಟದ್ದು ಮೈದುನನ ಮುಖ ನೋಡಿ. ಅವನು ಆರ್ಕೆಸ್ಟ್ರಾದವನ ಗೆಳೆಯ. ಭಾನುವಾರ ಬೆಳಗಾದರೆ ಶೀಟು ಅದುರುವಂತೆ ಸದ್ದು. ಮೊದಲು ಅವರು ಹೆಸರು ಹುಡುಕಿದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಬೇಕು, ಆದರೆ ಯಾರ ಅಕ್ಷರ ಮೊದಲು? ಮಾವಿನಕಾಯಿ ಕಾಲದಲ್ಲಿ ಶುರುವಾದ ಚರ್ಚೆ ಹಣ್ಣು ಮುಗಿದು ಓಟೆ ಬೀದಿಗೆ ಬಿದ್ದ ಮೇಲೂ ನಡೆದಿತ್ತು. ಕೊನೆಗೆ ಯಾರಿಗೂ ಅರ್ಥವಾಗದ ಇಂಗ್ಲಿಷ್ ಹೆಸರೊಂದನ್ನು ಇಟ್ಟುಕೊಂಡರು. ಅರ್ಥವಾಗದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಆಮೇಲೆ ಪ್ಯಾಂಟು. ಒಬ್ಬೊಬ್ಬರ ಕಾಲಿಗೆ ಮೂರು ಜನ ತೂರುವಷ್ಟು ಅಗಲ, ತೊಡೆಯ ಸಂದು ಮಂಡಿಯ ಹತ್ತಿರ. ಒಬ್ಬನಿಗೆ ನಾಲ್ಕು ಜೇಬು ಇಟ್ಟರೆ ಇನ್ನೊಬ್ಬನಿಗೆ ಐದು ಬೇಕು. ರವಿಕೆ ಕೊಡುವುದಕ್ಕೆ ಬಂದಿದ್ದ ಪಕ್ಕದ ಬೀದಿಯ ಹೆಂಗಸು ಆ ಬಟ್ಟೆಯನ್ನು ಎತ್ತಿ ಹಿಡಿದು ನೋಡಿದಳು.

"ಇದೇನಕ್ಕಯ್ಯಾ, ದಿಂಬಿನ ಚೀಲ್ವಾ?"

"ಪ್ಯಾಂಟು ಕಣವ್ವಾ."

"ಯಾರ್ಗೆ, ದಸರಾ ಆನೆಗಾ?"

ಹಾಡಿನ ಮಾತುಗಳು ಮೆಟ್ಟಿಲಿಳಿದು ನನ್ನ ಕಿವಿಗೂ ಬರುತ್ತಿದ್ದವು. ನಾನು ಹುಲಿ, ನಾನು ಸಿಡಿಲು, ದಾರಿ ಬಿಡು, ನೀನ್ಯಾರು. ಮೂವರದೂ ಅದೇ. ದಾರಿ ಬಿಡು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಬಿಡುವವರು ಯಾರು? ಮೂವರೂ ಉಸಿರು ಬಿಡದೆ ಹೇಳಿ ಹೇಳಿ, ಕೊನೆಗೆ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ನಡುವೆ ಮತ್ತೆ ಮತ್ತೆ ಬರುವ ಒಂದು ಸಾಲು ಬೇಕು ಎನ್ನುವುದು ಅವರಿಗೂ ಗೊತ್ತು, ಟೀವಿಯಲ್ಲಿ ನೋಡಿದ್ದರು. ಆದರೆ ಅದನ್ನು ಹೇಳಿದವನು ಹಿಮ್ಮೇಳದವನಾಗಿಬಿಡುತ್ತಾನಲ್ಲ! ಯಾರೂ ಒಪ್ಪಲಿಲ್ಲ.

ಮೇಲೆ ಟೀ ಕೊಡುವುದಕ್ಕೆ ಹೋಗಿದ್ದ ಮೈದುನ ಒಂದು ಭಾನುವಾರ, ಅವರ ಒಂದು ಸಾಲು ಮುಗಿದು ಗಾಳಿಯಲ್ಲಿ ನೇತಾಡುತ್ತಿದ್ದಾಗ, ಅಭ್ಯಾಸಬಲದಿಂದ ಅದರ ಬಾಲ ಹಿಡಿದ. "ಕೂಡ್ತದ ನೀರು, ಕೂಡ್ತೀವಿ ನಾವು" ಎಂದು ತಂಬೂರಿ ಪದದ ಧಾಟಿಯಲ್ಲಿ ಎಳೆದ. ನಾನು ಕೆಳಗೆ ಮಿಷನ್ನು ತುಳಿಯುವುದನ್ನು ನಿಲ್ಲಿಸಿದೆ. ಅಷ್ಟು ದಿನದ ಗದ್ದಲ ಮೊದಲ ಬಾರಿಗೆ ಹಾಡಿನ ಹಾಗೆ ಕೇಳಿಸಿತು.

ಅವತ್ತಿನಿಂದ ಅವನು ಅವರ ತಂಡದವನು. ಮೂರು ನದಿ ಕೂಡುವ ಜಾಗದಲ್ಲಿ ಒಂದು ಗುಪ್ತಗಾಮಿನಿ, ಕಣ್ಣಿಗೆ ಕಾಣಿಸದೆ ಹರಿಯುತ್ತದೆ ಎನ್ನುತ್ತಾರೆ ನರಸೀಪುರದಲ್ಲಿ. ಇವನೂ ಹಾಗೇ. ವೇದಿಕೆಯ ಮೂಲೆಯಲ್ಲಿ, ಸ್ಪೀಕರ್ ಪೆಟ್ಟಿಗೆಯ ಪಕ್ಕ ನಿಂತು ಸೊಲ್ಲು ಕೊಡುವುದು. ಅವನಿಗೆ ಪ್ಯಾಂಟು ಕೂಡ ಹೊಲಿಸಲಿಲ್ಲ.

ತಂಡ ಓಡಿತು, ಇಲ್ಲ ಎನ್ನಲಾರೆ. ಕಾಲೇಜು ವಾರ್ಷಿಕೋತ್ಸವ, ಗಣೇಶನ ಪೆಂಡಾಲು, ಮೊಬೈಲ್ ಅಂಗಡಿಯ ಉದ್ಘಾಟನೆ, ಲೋಕಲ್ ಕೇಬಲ್ಲಿನಲ್ಲಿ ಎರಡು ಸಲ. ಬೀದಿಯ ಮಕ್ಕಳೆಲ್ಲ ಆ ಹಾಡು ಹೇಳಿಕೊಂಡು ಓಡಾಡಿದವು. ಆದರೆ ಹೇಳುತ್ತಿದ್ದದ್ದು ಯಾವ ಸಾಲು? ಹುಲಿಯದೂ ಅಲ್ಲ, ಸಿಡಿಲಿನದೂ ಅಲ್ಲ. "ಕೂಡ್ತದ ನೀರು, ಕೂಡ್ತೀವಿ ನಾವು." ಅಷ್ಟೇ.

ಇತ್ತ ಮನೆಯಲ್ಲಿ ಮಾವ ಸೊರಗುತ್ತಾ ಬಂದರು. ಮೈದುನನಿಗೆ ಇವತ್ತು ಪ್ರಾಕ್ಟೀಸು, ನಾಳೆ ಪ್ರೋಗ್ರಾಮು. ಸೋಮವಾರ ಸೋಮವಾರ ಮನೆಯಲ್ಲಿ ದೀಪ ಹಚ್ಚಿ ಒಂದಿಷ್ಟು ಹಾಡುವ ರೂಢಿ ಇತ್ತು. ಒಂದು ಸೋಮವಾರ ಒಬ್ಬರೇ ತಂಬೂರಿ ಹಿಡಿದು ಕೂತರು. ಮೂರು ಸಾಲು ಹಾಡಿದರು, ನಾಲ್ಕನೆಯದಕ್ಕೆ ಉಸಿರಿಲ್ಲ. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮುಂದಿನ ಸಾಲು ಮರೆತುಹೋಗಿತ್ತು. ದೊಡ್ಡಮಾವ ಏನೂ ತಿಳಿಯದೆ ಡಕ್ಕೆ ಬಾರಿಸುತ್ತಲೇ ಇದ್ದರು.

ನರಸೀಪುರದ ಆಚೆ ಒಂದು ಹಳ್ಳಿಯವರು ಮೊಮ್ಮಗುವಿನ ಮುಡಿ ಕೊಟ್ಟ ಮೇಲೆ ಕತೆ ಮಾಡಿಸುತ್ತೇವೆಂದು ಹರಕೆ ಹೊತ್ತಿದ್ದರು. ಕಾರ್ತೀಕದ ಸೋಮವಾರಕ್ಕೆ ಬರುತ್ತೇನೆಂದು ಮಾವ ವೀಳ್ಯ ತೆಗೆದುಕೊಂಡಾಗಿತ್ತು. ನರಸೀಪುರದ ರಾಜ್ಯೋತ್ಸವದ ಕಾರ್ಯಕ್ರಮವೂ ಅದೇ ಸೋಮವಾರ ಮಧ್ಯಾಹ್ನಕ್ಕೆ ಬಿತ್ತು. ಸೂಪರ್ ಗ್ರೂಪು ಅಲ್ಲಿ ಇರಲೇಬೇಕು.

"ಒಂದಿನ ಬುಡ್ಲಾ ಅದ," ಎಂದರು ಮಾವ.

"ಆಗದಿಲ್ಲಪ್ಪ. ನಾನಿಲ್ದೆ ಹಾಡು ನಡ್ಯದಿಲ್ಲ ಅಂತವ್ರೆ."

"ನಂದು ನಡೀತದಾ?"

ಮೈದುನ ತಲೆ ಬಗ್ಗಿಸಿದ. ಆಮೇಲೆ ಒಂದು ಮಾತು ಹೇಳಿದ: "ಇಷ್ಟ್ ವರ್ಸ ಸೊಲ್ ಕೊಟ್ಟೆ. ಒಂದಿನಾರೂ ನನ್ ಎಸ್ರು ಏಳಿದ್ದೀಯಾ ನೀನು?"

ಮಾವ ನನ್ನ ಕಡೆ ತಿರುಗಿ, "ಈ ಕಾರ್ತೀಕದ ಕತೆ ಒಪ್ಸಕ್ ಆಗ್ನಿಲ್ಲ ಅಂದ್ರೆ ತಂಬೂರಿಯ ಮೊಳೆಗೆ ತಗಲಾಕ್ಬುಡ್ತೀನಿ ಕೂಸೇ. ಆಮ್ಯಾಕೆ ಮುಟ್ಟದಿಲ್ಲ," ಎಂದರು. ಅವರು ಆಡಿದ್ದನ್ನು ಮಾಡುವ ಜನ. ಬೀಡಿ ಬಿಡುತ್ತೇನೆ ಅಂದವರು ಅವತ್ತೇ ಬಿಟ್ಟಿದ್ದರು. ಇನ್ನು ಮಾತಾಡಿಸುವುದಿಲ್ಲ ಅಂದ ಮೇಲೆ ತಮ್ಮ ಷಡ್ಡಕನನ್ನು ಅವನು ಸಾಯುವವರೆಗೂ ಮಾತಾಡಿಸಲಿಲ್ಲ.

ಮಾರನೆಯ ಮಧ್ಯಾಹ್ನ ನಾನು ಲಂಗದ ಅಂಚು ಹೊಲಿಯುತ್ತಿದ್ದೆ. ಮಾವ ಗೋಡೆಗೆ ಒರಗಿ, ತಂಬೂರಿ ಇಲ್ಲದೆ, ಸುಮ್ಮನೆ ಸಾಲುಗಳನ್ನು ನೆನಪು ಮಾಡಿಕೊಳ್ಳುತ್ತಿದ್ದರು. ಒಂದು ಸಾಲು ಮುಗಿದು ನಿಂತಿತು. ಎಷ್ಟೋ ವರ್ಷದಿಂದ ಅಡಿಗೆಮನೆಯಲ್ಲಿ ನಿಂತು ಕೇಳಿದವಳು ನಾನು. ಬಾಲ ನನ್ನ ಬಾಯಿಗೆ ತಾನಾಗಿ ಬಂತು. ಮಾವ ಕಣ್ಣು ತೆರೆಯಲಿಲ್ಲ. ಮುಂದಿನ ಸಾಲಿಗೆ ಹೋದರು. ಮತ್ತೆ ನಾನು. ಮಿಷನ್ನಿನ ಕಾಲು ತುಳಿತಕ್ಕೆ ಸಾಲುಗಳು ಸರಿಯಾಗಿ ಕೂತವು. ಲಂಗದ ಅಂಚು ಸೊಟ್ಟಗಾಗಿ, ಸಂಜೆ ಬಿಚ್ಚಿ ಮತ್ತೆ ಹೊಲಿದೆ. ಹೆಂಗಸು ಮೇಳದಲ್ಲಿ ಕೂತದ್ದು ನಮ್ಮ ಮನೆಯಲ್ಲಿ ಇರಲಿಲ್ಲ. ಮಾವನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವರು ಗೋಡೆಗೆ ಒರಗುತ್ತಿದ್ದರು, ನಾನು ಮಿಷನ್ನಿಗೆ ಕೂರುತ್ತಿದ್ದೆ.

ಆ ವೇಳೆಗೆ ಮೇಲಿನ ಮೂವರಿಗೆ ಹೊಟ್ಟೆಯುರಿ ಹತ್ತಿತ್ತು. ಮಕ್ಕಳು ಹೇಳುವುದು ಮೂಲೆಯವನ ಸಾಲು, ಜನ ಚಪ್ಪಾಳೆ ತಟ್ಟುವುದು ಮೂಲೆಯವನಿಗೆ. ಕೂಡಿ ಯೋಚನೆ ಮಾಡಿದರು. ಅವರ ತಲೆಗೆ ಹೊಳೆದ ಉಪಾಯ ಕೇಳಿ. ಅವನನ್ನೂ ಸ್ಟಾರ್ ಮಾಡಿಬಿಡುವುದು! ಅವನಿಗೂ ಒಂದು ಪ್ಯಾಂಟು, ಒಂದು ಹೊಳೆಯುವ ಜಾಕೆಟ್ಟು, ಹುಲಿ ಸಿಡಿಲಿನ ಜೊತೆಗೆ ಅವನದೊಂದು ಸುಂಟರಗಾಳಿ. ಮೂಲೆಯಿಂದ ಎತ್ತಿ ಮುಂದಕ್ಕೆ ತಂದು ನಿಲ್ಲಿಸಿದರೆ ಮೂಲೆಗೆ ಬೀಳುವ ಚಪ್ಪಾಳೆಯೂ ನಿಲ್ಲುತ್ತದೆ, ಅವನಿಗೂ ಸಂತೋಷ. ಹಾಗಾದರೆ ಆ ಸಾಲನ್ನು ಯಾರು ಹೇಳುತ್ತಾರೆ ಎಂದು ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಅಥವಾ ಇನ್ನೊಬ್ಬ ಹೇಳುತ್ತಾನೆ ಎಂದು ನಾಲ್ವರೂ ಅಂದುಕೊಂಡರು.

ಮೈದುನ ಕುಣಿದಾಡಿಬಿಟ್ಟ. "ಅತ್ಗೆ, ಫ್ಲೆಕ್ಸಲ್ಲಿ ನನ್ ಪೋಟೋನೂ ಬತ್ತದೆ."

ಫ್ಲೆಕ್ಸು ಬಂತು. ಅದನ್ನು ನಮ್ಮ ಮಹಡಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟರು. ಆರ್ಕೆಸ್ಟ್ರಾದವನು ಮೆಟ್ಟಿಲಿಳಿದು ಬಂದು ಕೈ ಚಾಚಿದ. "ಅಕ್ಕಾ, ಟೇಪ್ ಕೊಡ್ತೀರಾ ಸ್ವಲ್ಪ?" ನಾನು ಬಾಗಿಲಿಗೆ ತೋರಣ ಅಳೆಯುತ್ತಾರೇನೋ ಎಂದು ಕೊಟ್ಟೆ. ಒಗೆದ ಬಟ್ಟೆ ಹರವಲು ಮೇಲೆ ಹೋಗಿ ನೋಡಿದರೆ, ಮೂವರೂ ಮಂಡಿಯೂರಿ ಕೂತು ತಮ್ಮ ತಮ್ಮ ತಲೆ ಅಳೆಯುತ್ತಿದ್ದಾರೆ. ಗಲ್ಲದಿಂದ ನೆತ್ತಿಗೆ, ಕಿವಿಯಿಂದ ಕಿವಿಗೆ.

"ಟೋಪಿ ಸೇರ್ಸಿ ಅಳ್ದಿದ್ದೀಯ ಕಣೋ, ಟೋಪಿ ತಲೆ ಅಲ್ಲ," ಎಂದ ಸೀಡಿ ಅಂಗಡಿಯವನು.

"ನಂದು ಟೋಪಿ ಸಮೇತ್ವೇ ತಲೆ," ಎಂದ ಡ್ಯಾನ್ಸ್ ಮಾಸ್ಟರು.

ಮೈದುನ ತನ್ನದನ್ನು ಅಳೆಯಲಿಲ್ಲ. ಅವನದು ಎಲ್ಲರಿಗಿಂತ ಚಿಕ್ಕದು ಎಂದು ಅಳತೆಯಿಲ್ಲದೆ ಕಾಣುತ್ತಿತ್ತು. ಆದರೂ ಅದನ್ನೇ ನೋಡುತ್ತಾ ನಿಂತಿದ್ದ.

ಆ ಸೋಮವಾರ ಮಾವ, ದೊಡ್ಡಮಾವ, ನಾನು ಮೂವರೂ ನರಸೀಪುರದ ಬಸ್ಸು ಹತ್ತಿದೆವು. ಹಳ್ಳಿಯ ಬಸ್ಸಿಗೆ ಅಲ್ಲಿ ಕಾಯಬೇಕು. ಬಸ್ ಸ್ಟ್ಯಾಂಡಿನ ಪಕ್ಕದ ಮೈದಾನದಲ್ಲೇ ಶಾಮಿಯಾನ. ಹಿಂದುಗಡೆ ನೆರಳಿಗೆ ಹಾಕಿದ್ದ ಕಲ್ಲಿನ ಮೇಲೆ ಕೂತೆವು. ಮಾವ ತಂಬೂರಿಯನ್ನು ಬಟ್ಟೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ವೇದಿಕೆಯ ಕಡೆ ನೋಡುವುದೇ ಇಲ್ಲ ಎನ್ನುವಂತೆ ರಸ್ತೆಯ ಕಡೆ ಮುಖ ಮಾಡಿದರು.

ನಾಲ್ವರೂ ವೇದಿಕೆ ಹತ್ತಿದರು. ನಾಲ್ವರೂ ಮುಂದಿನ ಅಂಚಿಗೆ ಬಂದು ನಿಂತರು. ಸ್ಪೀಕರ್ ಪೆಟ್ಟಿಗೆಯ ಪಕ್ಕದ ಮೂಲೆ ಖಾಲಿ. ಟ್ರ್ಯಾಕ್ ಶುರುವಾಯಿತು. ಹುಲಿ ಹೇಳಿತು, ಉಸಿರು ಮುಗಿಯಿತು. ಸೊಲ್ಲು ಬರಬೇಕಾದ ಜಾಗ ಬಂತು. ಟ್ರ್ಯಾಕು ಧಡ್ ಧಡ್ ಎನ್ನುತ್ತಾ ಹೋಗುತ್ತಿದೆ, ಬಾಯಿ ಬಿಡುವವರಿಲ್ಲ. ನಾಲ್ವರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಮೈದುನನ ಗಂಟಲು ಏಳುತ್ತಿತ್ತು, ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಆದರೆ ಅವನು ಈಗ ಸುಂಟರಗಾಳಿ. ಗಟ್ಟಿಯಾಗಿ ತುಟಿ ಮುಚ್ಚಿಕೊಂಡ.

ನನ್ನ ಪಕ್ಕದಲ್ಲಿ ಯಾರೋ "ಊಂ" ಎಂದರು. ತಿರುಗಿ ನೋಡಿದರೆ ಮಾವ. ನೇತಾಡುವ ಸಾಲನ್ನು ಅವರಿಂದ ಸಹಿಸಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಮ್ಮ ಮಾವ ಇನ್ನೊಬ್ಬರಿಗೆ ಸೊಲ್ಲು ಕೊಟ್ಟಿದ್ದರು, ಅದೂ ಇಂಥವರಿಗೆ! ನಾನು ನೋಡಿದ್ದು ಗೊತ್ತಾಗಿ, ಗಂಟಲಿಗೆ ಏನೋ ಸಿಕ್ಕಿಕೊಂಡವರಂತೆ ಕೆಮ್ಮಿದರು.

ವೇದಿಕೆಯ ಮೇಲೆ ಮೈಕುಗಳು ಹಾಗೇ ಚಾಲೂ ಇದ್ದವು. ಪಿಸುಮಾತು ಊರಿಗೆಲ್ಲ ಕೇಳಿತು.

"ಹೇಳೋ, ನಿಂದು ಕಣೋ."

"ನಂದ್ಯಾಕೆ? ನಾನೀಗ ಮೇನು," ಎಂದ ಮೈದುನ.

"ಹಂಗಾದ್ರೆ ನೀ ಹೇಳು," ಎಂದು ಆರ್ಕೆಸ್ಟ್ರಾದವನು ಸೀಡಿ ಅಂಗಡಿಯವನ ಕಡೆ ತಿರುಗಿದ.

"ನನ್ ತಲೆ ಚಿಕ್ಕದು ಮಾಡ್ಸಿದ್ದೂ ಅಲ್ದೆ ಕೋರಸ್ ಬೇರೆ ಹೇಳ್ಬೇಕಾ?"

"ಯಾರಾರೂ ಬಾಯ್ ಬುಡ್ರಲಾ!" ಎಂದು ಕಡಲೆಕಾಯಿ ಮಾರುವವನೊಬ್ಬ ಕೂಗಿದ. ಜನ ಗೊಳ್ಳೆಂದರು. ಹಿಂದಿನ ಸಾಲಿನ ಮಕ್ಕಳು ತಾವೇ ಶುರುಮಾಡಿದವು, "ಕೂಡ್ತದ ನೀರು, ಕೂಡ್ತೀವಿ ನಾವು." ಡ್ಯಾನ್ಸ್ ಮಾಸ್ಟರು ಮಾನ ಉಳಿಸಲೆಂದು ತಲೆಯ ಮೇಲೆ ನಿಂತ. ಟೋಪಿ ಬಿತ್ತು. ಸೀಡಿ ಅಂಗಡಿಯವನು ಆರ್ಕೆಸ್ಟ್ರಾದವನ ಜಾಕೆಟ್ಟು ಹಿಡಿದು ಎಳೆದ. ನಾನು ಹಾಕಿದ ಹೊಲಿಗೆ ಬಿಡಲಿಲ್ಲ, ಅದಷ್ಟೇ ನನಗೆ ಸಮಾಧಾನ. ಅಷ್ಟರಲ್ಲಿ ನಮ್ಮ ಬಸ್ಸು ಬಂತು.

ಹಳ್ಳಿಯ ಮನೆಯಲ್ಲಿ ದೀಪ ಹಚ್ಚಿ, ಚಾಪೆ ಹಾಸಿದ್ದರು. ನಾನು ಒಳಗೆ ಹೆಂಗಸರ ಜೊತೆ, ಬಾಗಿಲ ಹಿಂದೆ ಕೂತೆ. ಅಲ್ಲಿಂದಲೇ ಸೊಲ್ಲು ಕೊಡುವುದೆಂದು ಯೋಚಿಸಿದ್ದೆ. ಮಾವ ಮೊದಲ ಸಾಲು ಹಾಡಿದರು, ನಾನು ಬಾಲ ಹಿಡಿದೆ. ಎರಡನೆಯದಕ್ಕೆ ತಂಬೂರಿ ನಿಲ್ಲಿಸಿದರು. ಚಾಪೆಯ ಮೇಲಿದ್ದ ಗಂಡಸರೆಲ್ಲ ಬಾಗಿಲ ಕಡೆ ನೋಡುತ್ತಿದ್ದರು.

"ಈಚ್ಗೆ ಬಾ ಕೂಸೇ. ಒಳಗಿಂದ ನಂಗೆ ಕೇಳದಿಲ್ಲ."

ಮನೆಯ ಯಜಮಾನ ಏನೋ ಹೇಳಲು ಬಾಯಿ ತೆರೆದ. ಮಾವ ತಂತಿ ಕಟ್ಟುವಾಗಿನ ಮುಖ ಮಾಡಿದರು. ಅವನು ಬಾಯಿ ಮುಚ್ಚಿದ. ನಾನು ಸೆರಗು ಸಿಕ್ಕಿಸಿಕೊಂಡು ಬಂದು, ಅವರ ಬೆನ್ನ ಹಿಂದೆ ತಾಳ ತೆಗೆದುಕೊಂಡು ಕೂತೆ. ಅಭ್ಯಾಸಕ್ಕೆ ಕಾಲು ತಾನಾಗಿ ಮಿಷನ್ನು ತುಳಿಯುವಂತೆ ಆಡಿತು, ಕೈ ಅದರ ಹಿಂದೆ ಹೋಯಿತು.

ಕತೆ ಅರ್ಧ ದಾಟಿದಾಗ ಹೊಸ್ತಿಲಲ್ಲಿ ಏನೋ ಮಿಂಚಿತು. ಮೈದುನ, ಜಾಕೆಟ್ಟಿನ ಸಮೇತ. ನೇರ ಬಂದು ಅಪ್ಪನ ಬೆನ್ನ ಹಿಂದೆ ನೋಡಿದ. ಅವನ ಜಾಗದಲ್ಲಿ ನಾನಿದ್ದೆ. ಮಾವ ಸಾಲು ನಿಲ್ಲಿಸಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ. ಎಡಗೈಯಿಂದ ಚಾಪೆಯ ತುದಿಯನ್ನು ತಟ್ಟಿದರು. ಅವನು ಅಲ್ಲಿ, ನನಗಿಂತ ಹಿಂದೆ ಕೂತ. ಮುಂದಿನ ಬಾಲವನ್ನು ಹಿಡಿದ, ಆದರೆ ಸಾಲು ಮುಗಿಯುವ ಮೊದಲೇ, ಆ ಮೂವರ ವೇಗದಲ್ಲಿ.

ತಂಬೂರಿ ನಿಂತಿತು. "ಏನ್ಲಾ ಅವಸ್ರ? ಬಸ್ ಇಡೀಬೇಕಾ?"

ಚಾಪೆಯ ಮೇಲಿನವರೆಲ್ಲ ನಕ್ಕರು. ಅವನು ಜಾಕೆಟ್ಟು ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಸರಿಯಾಗಿ ಕೊಟ್ಟ. ಕತೆ ಪೂರ್ತಿಯಾಯಿತು. ಮಾವನಿಗೆ ಕೆಮ್ಮು ಬರಲಿಲ್ಲ. ಕೊನೆಯಲ್ಲಿ ಹರಸುವಾಗ, ಎಣ್ಣೆ ಕೊಟ್ಟವರು, ಚಾಪೆ ಹಾಸಿದವರು ಎಲ್ಲ ಆದ ಮೇಲೆ, "ಸೊಲ್ಲು ಕೊಟ್ಟ ನನ್ನ ಸೊಸೆ ತಣ್ಣಗಿರಲಿ," ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೈದುನ ಕಿಟಕಿಯ ಕಡೆ ತಿರುಗಿ ಮುಖ ಊದಿಸಿಕೊಂಡಿದ್ದ. ಸೂಪರ್ ಗ್ರೂಪು ಒಡೆದ ದುಃಖವೇನೋ ಎಂದು ನಾನು ಅಂದುಕೊಂಡೆ. ಆರ್ಕೆಸ್ಟ್ರಾದವನು ಆರ್ಕೆಸ್ಟ್ರಾಕ್ಕೆ ಹೋಗಿದ್ದ, ಸೀಡಿ ಅಂಗಡಿಯವನು ಅಂಗಡಿಗೆ, ಮಾಸ್ಟರು ಟೋಪಿ ಹುಡುಕುವುದಕ್ಕೆ. ಆದರೆ ಇವನ ದುಃಖ ಅದಲ್ಲ.

"ಅತ್ಗೆ ಎಸ್ರು ಏಳ್ದೆ. ನಂದು?"

ಮಾವ ಕಣ್ಣು ಮುಚ್ಚಿಯೇ ಇದ್ದರು. "ಅರ್ಧ ಕತೆಗೆ ಬಂದೋನ್ಗೆ ಎಸ್ರು ಬ್ಯಾರೆ ಕೇಡು. ಬರೋ ಸೋಮ್ವಾರ ಮೊದ್ಲಿಂದ ಕೂತ್ಕೊ, ನೋಡವ."

ಆ ಫ್ಲೆಕ್ಸನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಶೀಟು ಸೋರುತ್ತಿದ್ದ ಕಡೆ ನಾನೇ ಹೊದಿಸಿ, ಅದೇ ಇಟ್ಟಿಗೆ ಇಟ್ಟೆ. ಸೋರುವುದು ನಿಂತಿತು. ಅವರಿಂದ ಆದ ಉಪಕಾರ ಅದೊಂದು.

ಮುಂದಿನ ಸೋಮವಾರ ನಾನು ದೀಪಕ್ಕೆ ಬತ್ತಿ ಹಾಕುವ ಮೊದಲೇ ಮೈದುನ ಬಂದು ಅಪ್ಪನ ಬೆನ್ನ ಹಿಂದೆ ಕೂತುಬಿಟ್ಟಿದ್ದ. ನಾನು ಸುಮ್ಮನೆ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಅವನ ಪಕ್ಕದಲ್ಲೇ, ತಾಳದ ಇನ್ನೊಂದು ಜೊತೆ ತೆಗೆದುಕೊಂಡು ಕೂತೆ. ಅವನು ಒಂದಿಷ್ಟು ಸರಿದು ಜಾಗ ಬಿಟ್ಟ. ಮಾವ ತಂತಿ ಮೀಟಿ, ಹಿಂದಕ್ಕೆ ತಿರುಗಿ ಇಬ್ಬರನ್ನೂ ನೋಡಿದರು.

"ಇಬ್ರೂ ಒಟ್ಗೇ ಉಸ್ರು ತಗಬ್ಯಾಡಿ," ಎಂದು ಹೇಳಿ, ಶುರುಮಾಡಿದರು.